ಏಳನೇ ನಂಬರಿನ ರಕ್ತ

ಪ್ರೊಫೆಸರು ಎತ್ತಿ ಬೀಸಿದ ಮೀಟರ್ ಗೋಡೆಗೆ ಬಡಿದು ನುಚ್ಚುನೂರಾಯಿತು. ಅದರದೊಂದು ಚೂರು ಹಾರಿ ಬಂದು ಸಂಶೋಧನಾ ವಿದ್ಯಾರ್ಥಿನಿ ತಾರಿಣಿಯ ಹಣೆ ಸೀಳಿತು. ರಕ್ತ ಹುಬ್ಬಿಗಿಳಿದರೂ ಅವಳು ಕದಲಲಿಲ್ಲ.

ಹೃದಯಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನೊಂದನ್ನು ಹಿಡಿಯುವ ಸ್ಟ್ರಿಪ್ ಅವಳು ಮೂರು ವರ್ಷ ನಿದ್ದೆಗೆಟ್ಟು ಮಾಡಿದ್ದು. ಒಂದು ಹನಿ ರಕ್ತ ಬಿದ್ದರೆ ಸಾಕು, ಪ್ರೋಟೀನ್ ಇದ್ದಷ್ಟೂ ಸ್ಟ್ರಿಪ್ ಸಿಕ್ಕಿಸಿದ ಮೀಟರಿನ ಅಂಕಿ ಏರುತ್ತದೆ. ಅದನ್ನು ಪರೀಕ್ಷಿಸಲೆಂದು ಬೆಳಿಗ್ಗೆ ನರ್ಸ್ ಬಂದು, ಲ್ಯಾಬಿನಲ್ಲಿ ಒಬ್ಬರನ್ನೂ ಬಿಡದೆ ಹತ್ತೂ ಮಂದಿಯ ರಕ್ತ ತೆಗೆದಿದ್ದಳು. ಯಾರದು ಯಾವುದೆಂದು ತಿಳಿಯದಂತೆ ಟ್ಯೂಬುಗಳಿಗೆ ಬರೀ ನಂಬರ್ ಅಂಟಿಸಿ, ಹೆಸರುಗಳ ಹಾಳೆಯನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಳು. ಒಂಬತ್ತು ಟ್ಯೂಬುಗಳಿಗೆ ಅಂಕಿ ಅಲುಗಲಿಲ್ಲ. ಏಳನೆಯದಕ್ಕೆ ಮಾತ್ರ ನಾಲ್ಕು ಸಲವೂ ಸರ್ರನೆ ಏರಿತು.

"ಗುಂಡುಕಲ್ಲಿನ ಹಾಗಿರೋರಿಗೂ ಹಾರ್ಟ್ ಅಟ್ಯಾಕ್ ಅನ್ನತ್ತಲ್ಲೇ ನಿನ್ನ ಡಬ್ಬಾ!" ಪ್ರೊಫೆಸರು ಅವಳ ಜಡೆ ಹಿಡಿದೆಳೆದು ಮುಖವನ್ನು ಮೇಜಿಗೆ ಕುಕ್ಕಿದರು. "ನಾಳೆ ಕಂಪನಿಯವರ ಮುಂದೆ ನನ್ನ ಮಾನ ಕಳೀಬೇಕು ಅಂತಿದೀಯಾ?"

ತಾರಿಣಿಯ ಬಾಯಲ್ಲಿ ರಕ್ತದ ರುಚಿ ಹರಡಿತು. "ಸ್ಟ್ರಿಪ್ ಸರಿಯಾಗೇ ಇದೆ ಸಾರ್. ಆ ಏಳನೇ ನಂಬರಿನವರನ್ನ ಮೊದಲು ಆಸ್ಪತ್ರೆಗೆ ಕಳಿಸಿ."

"ಇನ್ನೂ ಎದುರುತ್ತರ!" ಅವರು ಇನ್ನೊಮ್ಮೆ ಕುಕ್ಕಿದರು.

ಸದ್ದು ಕೇಳಿ ನರ್ಸ್ ಓಡಿ ಬಂದಳು.

"ಬಾರಮ್ಮ, ಸರಿಯಾದ ಹೊತ್ತಿಗೆ ಬಂದೆ," ಪ್ರೊಫೆಸರು ಏದುಸಿರು ಬಿಡುತ್ತ ಗುಡುಗಿದರು. "ಯಾವನದು ಆ ಏಳು? ಹೆಸರು ಹೇಳು. ಈಗಲೇ ಕರೆಸಿ, ಇವಳ ಕಣ್ಣೆದುರೇ ನಾಲ್ಕು ಮಹಡಿ ಹತ್ತಿಸಿ ಇಳಿಸ್ತೀನಿ!"

ನರ್ಸ್ ಜೇಬಿನಿಂದ ಹಾಳೆ ತೆಗೆದು ನೋಡಿದಳು. ಜಡೆ ಹಿಡಿದಿದ್ದ ಆ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ನೀವು ಮೊದಲು ಕೂತ್ಕೊಳ್ಳಿ ಸಾರ್."