ಅಪ್ಪನ ಬನಿಯನ್

ಲ್ಯಾಪ್‌ಟಾಪಿನ ಪರದೆಯ ಮೇಲೆ ಎಪ್ಪತ್ತೆರಡು ಎಂದಿದ್ದ ಅಂಕಿ ಇದ್ದಕ್ಕಿದ್ದಂತೆ ಸೊನ್ನೆಯಾಯಿತು. ಅದರ ಬೆನ್ನಿಗೇ ಅಪೂರ್ವಾಳ ಮೊಬೈಲಿಗೆ ಸಂದೇಶ ಬಂತು: 'ಎಚ್ಚರಿಕೆ. ಎದೆಬಡಿತ ಇಲ್ಲ.'

ಸೊನ್ನೆಯಾದದ್ದು ಅವಳ ಅಪ್ಪನ ಎದೆಬಡಿತ. ಅಪ್ಪ ಕಾಶೀನಾಥ ಇದ್ದದ್ದು ತಿರುವನಂತಪುರದ ಮನೆಯಲ್ಲಿ. ಅವಳು ಕೂತಿದ್ದದ್ದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ಕಾಳುಮೆಣಸಿನ ಗೋದಾಮಿನ ಮಹಡಿಯ ಮೇಲೆ, ಜೋಸೆಫ್ ಎಂಬ ವ್ಯಾಪಾರಿಯ ಎದುರು. ಕೈಗಡಿಯಾರಗಳು ಬರೀ ಗಂಟೆ ಹೇಳಿಕೊಂಡಿದ್ದ ಕಾಲ ಅದು. ಅಂಥದ್ದರಲ್ಲಿ ಟೆಕ್ನೋಪಾರ್ಕಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಅವಳು ಕಟ್ಟಹೊರಟ ಕಂಪನಿಯ ಮೊದಲ ಸರಕು ಒಂದು ಬನಿಯನ್. ತೊಟ್ಟವರ ಎದೆಬಡಿತ ಎಣಿಸಿ, ಅಂಚಿಗೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ಡಬ್ಬಿಯಿಂದ ದೂರದ ಮಕ್ಕಳಿಗೆ ಸುದ್ದಿ ಮುಟ್ಟಿಸುತ್ತಿತ್ತು. ಜೋಸೆಫ್ ಹಣ ಹಾಕಲು ಹೂಂ ಅಂದರೆ ಕಂಪನಿ ಉಳಿಯುತ್ತದೆ, ಊಹೂಂ ಅಂದರೆ ಮತ್ತೆ ಬಯೋಡೇಟಾ ಹಿಡಿದು ಅಲೆಯಬೇಕು. ಉಳಿದ ಬಾಗಿಲುಗಳನ್ನೆಲ್ಲ ತಟ್ಟಿ ಆಗಿತ್ತು.

ಜೋಸೆಫ್ ಬಹಳ ಕಾಲ ಮಂಗಳೂರಿನಲ್ಲಿ ಗೋಡಂಬಿ ವ್ಯಾಪಾರ ಮಾಡಿದವರು, ಕನ್ನಡ ಬರುತ್ತಿತ್ತು; ಮಗಳೇ ಅನ್ನುವಲ್ಲಿ ಮಾತ್ರ ಮಲಯಾಳದ 'ಮೋಳೇ' ಉಳಿದಿತ್ತು. ಹಾಲಿಲ್ಲದ ಚಹಾದ ಲೋಟ ಕೆಳಗಿಟ್ಟು ಕೇಳಿದರು.

"ಇದೆಂತ ಮೋಳೇ, ಸೊನ್ನೆ?"

"ಏನಿಲ್ಲ ಸರ್," ಅಪೂರ್ವಾ ನಕ್ಕಳು. "ಅಪ್ಪ ದೇವಸ್ಥಾನಕ್ಕೆ ಹೋಗಿರ್ತಾರೆ. ಇಲ್ಲಿ ಗಂಡಸರು ಮೇಲಿನ ಬಟ್ಟೆ ತೆಗೆದೇ ಒಳಗೆ ಹೋಗ್ಬೇಕಲ್ವಾ? ಬನಿಯನ್ ಬಿಚ್ಚಿದ್ರೆ ಹೀಗೆ ತೋರಿಸುತ್ತೆ. ಮುಂದಿನ ಮಾಡೆಲ್‌ನಲ್ಲಿ ಸರಿಹೋಗುತ್ತೆ."

ಸುಳ್ಳೇನಲ್ಲ. ಸ್ನಾನಕ್ಕೆ ಹೋಗುವಾಗ ಡಬ್ಬಿ ಆರಿಸಬೇಕೆಂದು ಅಪ್ಪನಿಗೆ ಹೇಳಿಕೊಟ್ಟಿದ್ದಳು. ಆದರೆ ಅಂಗಿ ತೊಟ್ಟೇ ದೇವರಿಗೆ ಕೈಮುಗಿಯುವವರನ್ನು ನೋಡಿಕೊಂಡು ಮೈಸೂರಿನಲ್ಲಿ ಬೆಳೆದ ಹುಡುಗಿಗೆ, ಕೇರಳದ ಗಂಡಸರಿಗೆಂದು ಬನಿಯನ್ ಹೊಲಿಸುವಾಗ ದೇವಸ್ಥಾನದ ನೆನಪೇ ಆಗಿರಲಿಲ್ಲ. ಬಿಚ್ಚಿಟ್ಟ ಬನಿಯನ್ನಿಗೂ ನಿಂತುಹೋದ ಎದೆಗೂ ಇರುವ ವ್ಯತ್ಯಾಸ ಆ ಡಬ್ಬಿಗೆ ತಿಳಿಯುತ್ತಿರಲಿಲ್ಲ. ಮೊದಲ ಸಲ ಸೊನ್ನೆ ಬಂದಾಗ ಅವಳು ಚಪ್ಪಲಿಯನ್ನೂ ಮೆಟ್ಟದೆ ಆಫೀಸಿನಿಂದ ಮನೆಗೆ ಓಡಿದ್ದಳು. ಆಮೇಲೆ ಅಪ್ಪ ದೇವಸ್ಥಾನಕ್ಕೆ ಹೋಗುವ ಹೊತ್ತಿಗೆ ದಿನಾ ಬೆಳಿಗ್ಗೆ ಸೊನ್ನೆ ಬರತೊಡಗಿತು, ಅವಳು ಓಡುವುದನ್ನು ಬಿಟ್ಟಳು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಅಪ್ಪನಿಗಾಗಿಯೇ ಇದೆಲ್ಲ ಶುರುವಾದದ್ದು ಎಂಬ ಮಾತು ಕೂಡ ಈಗ ಹಣ ಕೇಳುವಾಗ ತೋರಿಸುವ ಎರಡನೆಯ ಸ್ಲೈಡಿಗೆ ಸೇರಿಹೋಗಿತ್ತು.

ಅವಳು ಮಾತು ಮುಂದುವರಿಸಿದಳು. ಗಲ್ಫಿನಲ್ಲಿ ಮಕ್ಕಳು, ಊರಲ್ಲಿ ಹೆತ್ತವರು, ಕೇರಳದಲ್ಲಿ ಇಂಥ ಮನೆಗಳಿಗೇನು ಬರವೇ ಎಂದೆಲ್ಲ ವಿವರಿಸಿದಳು. ಜೋಸೆಫ್ ಇನ್ನೂ ಆ ಸೊನ್ನೆಯನ್ನೇ ನೋಡುತ್ತಿದ್ದರು.

"ಅಲ್ಲ ಮೋಳೇ," ಎಂದರು. "ಮಟಮಟ ಮಧ್ಯಾಹ್ನ. ಈ ಹೊತ್ತಿಗೆ ಯಾವ ದೇವಸ್ಥಾನದ ಬಾಗಿಲು ತೆರೆದುಂಟು?"

ಅಪೂರ್ವಾ ಗಡಿಯಾರ ನೋಡಿದಳು. ಹೌದು, ಇಲ್ಲಿ ಮಧ್ಯಾಹ್ನ ಮುಚ್ಚಿದ ಬಾಗಿಲು ಸಂಜೆಯವರೆಗೆ ತೆರೆಯುವುದಿಲ್ಲ. ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಮನೆಯ ಫೋನು ರಿಂಗಾಗಿ ರಿಂಗಾಗಿ ಕಟ್ಟಾಯಿತು. ಮತ್ತೆ ಒತ್ತಿದಳು. ಕಂಪನಿ ಮನೆ ಹಾಳಾಗಲಿ, ಅಪ್ಪನೊಬ್ಬ ಇದ್ದರೆ ಸಾಕು ಅನ್ನಿಸಿತು. ಅಮ್ಮ ಕುಸುಮಾವತಿ ಫೋನೆತ್ತಿದರು.

"ಅಮ್ಮ, ಅಪ್ಪ ಎಲ್ಲಿ?"

"ಊಟ ಮಾಡಿ ಮಲಗಿದ್ದಾರೆ. ಯಾಕೆ ಏದುಸಿರು ಬಿಡ್ತಿದೀಯ?"

"ಬನಿಯನ್ ಎಲ್ಲಿ?"

"ಬೆವರು ನಾರ್ತಿತ್ತು ಕಣೆ, ಬಿಚ್ಚಿಸಿ ನೆನೆಹಾಕಿದೀನಿ. ನಿನ್ನ ಡಬ್ಬಿ ತೆಗೆದಿಟ್ಟಿದೀನಿ, ಏನೂ ಹಾಳಾಗಿಲ್ಲ."

"ಅಪ್ಪನ್ನ ಎಬ್ಬಿಸಮ್ಮ."

"ಈಗಷ್ಟೇ ಕಣ್ಣು ಹತ್ತಿದೆ ಪಾಪ."

"ಎಬ್ಬಿಸು ಅಂದ್ನಲ್ಲ."

ಸ್ವಲ್ಪ ಹೊತ್ತಿನ ಮೇಲೆ ನಿದ್ದೆ ಕೆಟ್ಟ ಸಿಡುಕಿನ ದನಿ ಕೇಳಿಸಿತು. "ಏನಮ್ಮಾ ನಿಂದು?"

"ಏನಿಲ್ಲಪ್ಪ, ಮಲ್ಕೊ," ಎಂದು ಅಪೂರ್ವಾ ಫೋನಿಟ್ಟಳು. ಕಣ್ಣೊರೆಸಿಕೊಂಡಳು, ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು.

"ಅಪ್ಪ ಚೆನ್ನಾಗಿದ್ದಾರೆ ಸರ್. ಅಮ್ಮ ಒಗೆಯೋಕೆ ಹಾಕಿದ್ರಂತೆ. ಮುಂದಿನ ಮಾಡೆಲ್‌ನಲ್ಲಿ..."

ಜೋಸೆಫ್ ಕೈಚಾಚಿ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು.

"ಬೇಜಾರು ಮಾಡ್ಬೇಡ. ನನ್ನ ಮಗಳು ದುಬೈಯಲ್ಲಿರುವುದು. ಮೊದಲನೇ ಬನಿಯನ್ ನಾನೇ ಹಾಕಿಕೊಳ್ಳುವ ಅಂತ ಇದ್ದೆ," ಎಂದರು. "ಆದರೆ ಬನಿಯನ್ ಹೇಳಿದಾಗ ನೀನು ಏಳಲಿಲ್ಲ ಮೋಳೇ. ನಾನು ಹೇಳಿದ ಮೇಲೆ ಎದ್ದದ್ದು."