ಲೋಬರಳ ಕೈಯ ಚಹಾ

ಮೊದಲ ಪಿಯಾಲಕ್ಕೆ, ಹಿಡಿಯಿಲ್ಲದ ಆ ಪುಟ್ಟ ಬಟ್ಟಲಿಗೆ, ಬಗ್ಗಿಸುವಾಗಲೇ ಲೋಬರ್ ಚಹಾ ಹೊರಗೆ ಚೆಲ್ಲಿದಳು. ದ್ರಾಕ್ಷಿ ಚಪ್ಪರದ ಕೆಳಗೆ ಹರಡಿದ್ದ ಊಟದ ಹಾಸಿನ ಮೇಲೆ, ಸಮ್ಸಾ ತಿಂಡಿಯ ತಟ್ಟೆಯ ಸುತ್ತ, ಬಿಸಿ ಚಹಾ ಹರಿದಾಡಿತು. ಅತಿಥಿಯಾಗಿ ಬಂದಿದ್ದ ಹೋಸಿಯತ್, ಲೋಬರಳ ಅಜ್ಜಿ ರಿಸೋಲತ್‌ರ ತಂಗಿ, ಆಗಲೇ ಒರೆಸುವ ಬಟ್ಟೆಗೆ ಕೈ ಹಾಕಿದ್ದರು.

“ಅಯ್ಯೋ ಪಾಪ, ಬಿಡೇ ಕಂದಾ, ನಾನೇ ಒರೆಸ್ತೀನಿ. ಇಂಥ ಮಗು ಕೈಗೆ ಯಾರಾದ್ರೂ ಕೆಟಲು ಕೊಡ್ತಾರಾ?”

“ಬಟ್ಟೆ ಅಲ್ಲೇ ಇರಲಿ ಚಿಕ್ಕತ್ತೆ,” ಎಂದಳು ಲೋಬರಳ ತಾಯಿ ಮತ್ಲುಬಾ, ದನಿ ಏರಿಸದೆ. “ಅದು ಅವಳ ಕೆಲಸ.”

ಡೌನ್ ಸಿಂಡ್ರೋಮ್ ಇದ್ದ ಮಗಳಿಗೆ ಮತ್ಲುಬಾ ಮಾಡಿಟ್ಟಿದ್ದ ಕಾನೂನು ಇಷ್ಟೇ. ಬೈಗುಳವಿಲ್ಲ, ಏಟಿಲ್ಲ. ಚಹಾ ಕೊಡುವುದರಲ್ಲಿ ತಪ್ಪಾದರೆ ಅದನ್ನು ಸರಿಮಾಡಬೇಕು, ಒಂದು ಸುತ್ತು ಕೆಟಲನ್ನು ಅಮ್ಮನಿಗೆ ಬಿಟ್ಟುಕೊಡಬೇಕು, ಆಮೇಲೆ ಅದು ಮತ್ತೆ ಅವಳ ಕೈಗೆ. ಲೋಬರಳ ಅಣ್ಣನ ಮದುವೆ ಹತ್ತಿರ ಬಂದಿತ್ತು. ಮಾರ್ಗಿಲಾನ್ ಊರಿನ ಆ ಓಣಿಯಲ್ಲಿ ಮದುವೆಗೆ ಬಂದವರಿಗೆ ಚಹಾ ಬಗ್ಗಿಸಿ ಕೊಡುವವಳು ಮನೆಮಗಳು. ಲೋಬರ್ ಆ ಜಾಗದಲ್ಲಿ ಕೂರುತ್ತಾಳೋ, ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾಳೋ ಎಂಬುದನ್ನು ಇವತ್ತು ನೋಡಿ ಹೇಳುತ್ತೇನೆಂದಿದ್ದರು ಅತ್ತೆ ರಿಸೋಲತ್. ಮತ್ಲುಬಾಳ ಜೀವವೆಲ್ಲ ಆ ಕೆಟಲಿನ ಮೂತಿಯಲ್ಲೇ ಇತ್ತು.

ಲೋಬರ್ ಮೂಲೆಮೂಲೆಯನ್ನೂ ಒರೆಸಿದಳು. ಕೆಟಲು ಅಮ್ಮನತ್ತ ಸರಿದಾಗ ಮಾತ್ರ ಮುಖ ಊದಿಸಿದಳು. “ನಂದು,” ಎಂದು ಕಾಲು ಬಡಿದಳು.

“ಕೊಟ್ಟುಬಿಡೇ ಮಾರಾಯ್ತಿ,” ಅತ್ತೆ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು. “ಬಂದವರ ಮುಂದೆ ಈ ರಂಪ ಯಾಕೆ?”

“ನಿಂದೇ ಕಣೇ, ಯಾರೂ ಕಿತ್ಕೊಳ್ಳಲ್ಲ. ಈ ಸುತ್ತು ಮುಗೀಲಿ,” ಎಂದು ಮತ್ಲುಬಾ ಮಗಳಿಗೇ ಹೇಳಿ ತಾನೇ ಚಹಾ ಬಗ್ಗಿಸಿದಳು. ಕೊಟ್ಟುಬಿಡುವುದು ಎಷ್ಟು ಸುಲಭ. ಆದರೆ ಇವತ್ತು ಸಡಿಲ ಬಿಟ್ಟರೆ ನಾಳೆ ಮತ್ತೆ ಅ ಆ ಇ ಈ ಇಂದ ಶುರುಮಾಡಬೇಕು.

ಸುತ್ತು ಮುಗಿಯಿತು. ಲೋಬರ್ ತೋಳಿನಿಂದ ಮೂಗು ಒರೆಸಿಕೊಂಡು ಕೆಟಲು ತೆಗೆದುಕೊಂಡಳು. ಒಂದು ಕೈಯಲ್ಲಿ ಮುಚ್ಚಳ ಒತ್ತಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಅಜ್ಜಿಯ ಪಿಯಾಲಕ್ಕೆ ಬಗ್ಗಿಸಿದಳು. ಸರಿಯಾಗಿ ಅರ್ಧಕ್ಕೆ ನಿಲ್ಲಿಸಿದಳು. ಅರ್ಧ ಕೊಟ್ಟರೆ ಗೌರವ. ಬೇಗ ಖಾಲಿಯಾಗುತ್ತದೆ, ಮತ್ತೆ ಬಗ್ಗಿಸಬಹುದು, ಅತಿಥಿ ಇನ್ನಷ್ಟು ಹೊತ್ತು ಕೂರುತ್ತಾರೆ.

“ಪರವಾಗಿಲ್ವೇ,” ಎಂದರು ರಿಸೋಲತ್.

ಹೋಸಿಯತ್‌ರದು ಸುಮ್ಮನಿರುವ ನಾಲಿಗೆಯಲ್ಲ. “ಅದೆಲ್ಲ ಮನೆಯೊಳಗೆ ಚೆಂದ ಅಕ್ಕಾ. ಮದುವೆ ದಿನ ಮಾತ್ರ ಇವಳನ್ನ ಒಳಗಿಡು. ಬೀಗರು ನೋಡಿದ್ರೆ ಏನಂತಾರೆ? ಪಾಪ, ಇವಳಿಗೇನು, ಒಳಗಿದ್ರೂ ಒಂದೇ ಹೊರಗಿದ್ರೂ ಒಂದೇ, ಗೊತ್ತಾಗುತ್ತಾ?”

ಮತ್ಲುಬಾ ತಟ್ಟನೆ ತಲೆಯೆತ್ತಿದಳು. ಲೋಬರ್ ಮಾತ್ರ ಏನೂ ಕೇಳಿಸದವಳಂತೆ ಚಿಕ್ಕಜ್ಜಿಯ ಪಿಯಾಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಚಹಾ ಅರ್ಧಕ್ಕೆ ಬಂತು. ನಿಲ್ಲಲಿಲ್ಲ. ಮುಕ್ಕಾಲು ದಾಟಿತು, ಅಂಚು ಮುಟ್ಟಿತು, ಅಂಚಿನ ಮೇಲೆ ತುಸು ಉಬ್ಬಿ ನಿಂತಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಅದನ್ನು ಎರಡೂ ಕೈಯಲ್ಲಿ ಮೆಲ್ಲಗೆ ತಳ್ಳಿ, ಎದೆಯ ಮೇಲೆ ಕೈಯಿಟ್ಟು, “ತಗೊಳ್ಳಿ ಚಿಕ್ಕಜ್ಜಿ,” ಎಂದಳು.

ತುಂಬಿದ ಪಿಯಾಲವೆಂದರೆ ಕುಡಿದು ಹೊರಡಿ ಎಂದು ಅರ್ಥ. ಆ ಊರಿನ ಬೆಕ್ಕಿಗೂ ಅದು ಗೊತ್ತು.

ಹೋಸಿಯತ್‌ರ ಮುಖ ಕೆಂಪಾಯಿತು. ರಿಸೋಲತ್ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು. ನಗುವಿಗೆ ಅವರ ಭುಜಗಳು ಕುಣಿಯುತ್ತಿದ್ದವು.

“ಗೊತ್ತಾಗುತ್ತಾ ಅಂದ್ಯಲ್ಲ,” ಎಂದರು ಕೊನೆಗೆ, ಕಣ್ಣೊರೆಸಿಕೊಂಡು. “ಮದುವೆ ದಿನ ಕೆಟಲು ಇವಳದೇ ಕಣೇ. ನೀನು ಬೇಕಿದ್ರೆ ಸ್ವಲ್ಪ ದೂರ ಕೂತ್ಕೊ.”

ಮತ್ಲುಬಾಳಿಗೆ ಮಗಳನ್ನು ಬಾಚಿ ತಬ್ಬಿಕೊಳ್ಳಬೇಕೆನಿಸಿತು. ಆದರೆ ಬಂದವರಿಗೆ ಅವಮಾನವಾಗಿದೆ, ಕಾನೂನು ಕಾನೂನೇ. ಬರುತ್ತಿದ್ದ ನಗುವನ್ನು ನುಂಗಿ, ಕೆಟಲಿಗಾಗಿ ಕೈ ಚಾಚಲು ಹೊರಟಳು.

ಕೆಟಲು ಆಗಲೇ ಅವಳ ಮುಂದಿತ್ತು. ಲೋಬರ್ ಚಿಕ್ಕಜ್ಜಿಯ ಪಿಯಾಲದಲ್ಲಿದ್ದುದರಲ್ಲಿ ಅರ್ಧ ಚಹಾವನ್ನು ತನ್ನ ಪಿಯಾಲಕ್ಕೆ ಬಗ್ಗಿಸಿಕೊಂಡು, ಕೈಕಟ್ಟಿ ಕುಳಿತಿದ್ದಳು. ಈ ಸಲ ಅವಳ ಮುಖ ಊದಿರಲಿಲ್ಲ.

“ಒಂದು ಸುತ್ತು,” ಎಂದಳು ಅಮ್ಮನಿಗೆ, ತೃಪ್ತಿಯಿಂದ.