ಅಲ್ಲಾಡದೆ ಕೂರುವ ಪಾಠ

ಸರ್ದಾರ ಸಾಹೇಬರು ಕ್ಯಾಮೆರಾ ತಂದಿದ್ದರು, ರೋಲ್ ತಂದಿರಲಿಲ್ಲ. ಹಾಶಿಮನಿಗೆ ಅಷ್ಟು ಸಾಕಾಯಿತು. ಘಾಟ್ಕೋಪರಿನವರು ಕಳಿಸಿದ ಮನುಷ್ಯ ಇವರೇ.

ಹಾಶಿಮ ವಿಜಾಪುರದವ. ದಹಿಸರ್ ಸ್ಟೇಷನ್ ಎದುರು ಅವನ ಫೋಟೊ ಸ್ಟುಡಿಯೊ. ಮಳೆ ಮುಗಿದ ಮೇಲೆ, ಅಕ್ಟೋಬರಿನ ಭಾನುವಾರಗಳಲ್ಲಿ, ಮೂರು ನಾಲ್ಕು ಜನರನ್ನು ಬೋರಿವಲಿಯ ಕಾಡಿಗೆ ಕರೆದೊಯ್ದು ಹಕ್ಕಿ, ಚಿಟ್ಟೆ, ಜಿಂಕೆಗಳ ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದ. ಮೂವತ್ತೆರಡಾದರೂ ಮದುವೆಯಾಗಿರಲಿಲ್ಲ. ಹೆಣ್ಣಿನ ಕಡೆಯವರು ಗುಟ್ಟಾಗಿ ವಿಚಾರಿಸುತ್ತಿದ್ದರು, ಅವನು ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದ. ಮೊದಲನೆಯವರಿಗೆ ಬೀಡಿ ಸೇದುತ್ತ ಸಿಕ್ಕಿದ್ದ. ಎರಡನೆಯವರಿಗೆ, ಶುಕ್ರವಾರ ನಮಾಜಿನ ಹೊತ್ತಿಗೆ ಟಾಕೀಸಿನ ಕ್ಯೂನಲ್ಲಿ. ಈಗ ಮೂರನೆಯ ಸಂಬಂಧ. ಘಾಟ್ಕೋಪರಿನ ನಜ್ಮಾ, ಓದಿದ ಹುಡುಗಿ. ಹುಡುಗ ಹುಡುಗಿ ಮೊದಲೇ ನೋಡಿಕೊಳ್ಳುವ ಪದ್ಧತಿ ಇರಲಿಲ್ಲ. ಮನೆಯವರು ನೋಡಿದರೆ ಮುಗಿಯಿತು.

ತಾಯಿ ಬಷೀರಾ ಬೆಳಿಗ್ಗೆಯೇ ಎಚ್ಚರಿಸಿದ್ದಳು. "ಇವತ್ತ ನಿನ್ನ ಜೋಡಿ ಅವರ ಕಡೆ ಮಂದಿ ಯಾರೋ ಬರ್ತಾರಂತ. ರಮಜಾನ್ ಅದ, ಬಾಯಿ ಕಟ್ಟಿಕೊಂಡಿರು. ಇದೂ ಹೋತಂದ್ರ ನಾ ಇನ್ನೊಬ್ಬರ ಮನಿ ಮೆಟ್ಲ ಹತ್ತಂಗಿಲ್ಲ, ನೋಡು."

ಹಾಶಿಮ ಬಾಯಿ ಕಟ್ಟಿಕೊಂಡ. ಕ್ಯಾಮೆರಾ ಚೀಲದ ತಳದಲ್ಲಿ ಎರಡು ಬಟಾಟೆ ವಡೆಯನ್ನೂ ಕಟ್ಟಿಕೊಂಡ.

ಆ ದಿನ ಬಂದವರು ಮೂವರು. ಐವತ್ತು ದಾಟಿದ, ಗಡ್ಡದ ಸರ್ದಾರ ಸಾಹೇಬರು. ಫೋರ್ಟಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಧಾರವಾಡದ ಶಂಕ್ರೆಪ್ಪ. ಕನ್ನಡ ಶಾಲೆಯ ರಾಜೀವಿ ಟೀಚರ್, ಕೈಯಲ್ಲೊಂದು ಡಬ್ಬಿ ಕ್ಯಾಮೆರಾ. ಹೆಸರು ಮಂಗಳೂರು ಕಡೆಯದು, ಮಾತು ವಿಜಾಪುರದ್ದು. ಮುಂಬಯಿಯಲ್ಲಿ ಯಾರ ನಾಲಿಗೆ ಯಾರ ಬಾಯಲ್ಲಿರುತ್ತದೋ ಹೇಳಲು ಬಾರದು. ಎರಡು ಸಲ ಕರೆದರೆ ಒಂದು ಸಲ ತಿರುಗುತ್ತಿದ್ದಳು. ಕಿವಿ ಮಂದ ಇರಬೇಕು, ಅಂದುಕೊಂಡ ಹಾಶಿಮ.

ಕಾಡಿನಲ್ಲಿ ಪಾಠ ಶುರುವಾಯಿತು.

"ಪ್ರಾಣಿ ಬೆನ್ನ ಹತ್ತಬ್ಯಾಡ್ರಿ. ಹುಲ್ಲಿನ್ಯಾಗ ಅಲ್ಲಾಡದ ಕುಂದರ್ರಿ. ಯಾರೂ ನೋಡವಲ್ಲರು ಅಂತ ಖಾತ್ರಿ ಆದಾಗನ ಅದು ತಿನ್ನಾಕ ಹೊರಗ ಬರ್ತದ. ಆಗ ಒಂದ ಸಲ ಒತ್ತರಿ, ಸಾಕು."

ಸರ್ದಾರ ಸಾಹೇಬರಿಗೆ ಪ್ರಾಣಿ ಬೇಕಿರಲಿಲ್ಲ. ಹಾಶಿಮನ ಬೆನ್ನು ಬಿಡಲಿಲ್ಲ. "ಸ್ಟುಡಿಯೊ ಸ್ವಂತದ್ದೇನು ಬೇಟಾ? ಬೀಡಿ ಸಿಗರೇಟು ಏನರೆ? ಮನ್ಯಾಗ ಯಾರಿಗರೆ ಎದಿ ಬ್ಯಾನಿ ಇತ್ತೇನು?"

"ಬೀಡಿ? ವಾಸನಿ ಬಂದ್ರ ತಲಿ ತಿರಗತದ ಚಾಚಾ." ಹಾಶಿಮ ಕೆಮ್ಮಿಯೂ ತೋರಿಸಿದ.

ಮಧ್ಯಾಹ್ನ ಶಂಕ್ರೆಪ್ಪ ಡಬ್ಬಿ ಬಿಚ್ಚಿದ. ಸರ್ದಾರ ಸಾಹೇಬರೂ ಬಿಚ್ಚಿದರು. ಕಬಾಬಿನ ವಾಸನೆ ಹಬ್ಬಿತು.

"ನನಗ ಸಕ್ಕರಿ ಬ್ಯಾನಿ, ಡಾಕ್ಟರ್ ರೋಜಾ ಬ್ಯಾಡ ಅಂದಾನ. ತಗೋ ಬೇಟಾ, ಒಂದ ತುತ್ತು."

ಬಲೆ ಹಾಕುತ್ತಿದ್ದಾನೆ ಮುದುಕ! "ತೌಬಾ ಚಾಚಾ! ರೋಜಾದಾಗ ಇದ್ದೀನಿ. ಉಗುಳೂ ನುಂಗಂಗಿಲ್ಲ ನಾ."

ಶಂಕ್ರೆಪ್ಪ ಚಪಾತಿಯನ್ನು ಟೀಚರ್ ಕಡೆ ಚಾಚಿದ.

"ಉಪವಾಸ ಅದರಿ," ಅಂದಳು.

ಆ ವರ್ಷ ರಮಜಾನ್, ನವರಾತ್ರಿ ಎರಡೂ ಒಟ್ಟಿಗೆ ಬಂದಿದ್ದವು. ಅರ್ಧ ಮುಂಬಯಿ ಹಸಿದಿತ್ತು.

"ನವರಾತ್ರ್ಯಾಗ ಚಹಾ ನಡೀತದಲ್ರಿ. ಬಾಳಿಹಣ್ಣರೆ ತಗೋರಿ."

"ನೀರೂ ಇಲ್ರಿ."

"ಭಾಳ ಕಟ್ಟುನಿಟ್ಟ ಬಿಡ್ರಿ ನಿಮ್ಮ ದೇವಿ," ಎಂದು ಶಂಕ್ರೆಪ್ಪ ಆ ಚಪಾತಿಯನ್ನೂ ತಾನೇ ತಿಂದ.

ಊಟವಾದ ಮೇಲೆ ಹಾಶಿಮ ಮೂವರನ್ನೂ ಒಂದೊಂದು ಕಡೆ ಹುಲ್ಲಿನಲ್ಲಿ ಕೂರಿಸಿದ. ಸರ್ದಾರ ಸಾಹೇಬರು ಮುಖದ ಮೇಲೆ ಟವಲು ಹೊದ್ದು ಗೊರಕೆ ಹೊಡೆಯುವುದನ್ನು ಖಾತ್ರಿ ಮಾಡಿಕೊಂಡ. ಆಮೇಲೆ ಬಿದಿರು ಮೆಳೆಯ ಹಿಂದೆ ಹೋದ. ನಾಲ್ಕೂ ದಿಕ್ಕಿಗೆ ನೋಡಿದ. ಎರಡೂ ವಡೆ ತಿಂದ, ಹಳ್ಳದ ನೀರು ಕುಡಿದ, ತೇಗಿದ. ಬೀಡಿಯೊಂದನ್ನೂ ಮುಗಿಸಿದ. ಬಾಡಿದ ಮುಖ ಮಾಡಿಕೊಂಡು ವಾಪಸು ಬಂದ.

ಶಂಕ್ರೆಪ್ಪ ಮೂಗು ಅರಳಿಸಿದ. "ಸರ್, ನಿಮ್ಮ ಚೀಲದಾಗ ಬಳ್ಳೊಳ್ಳಿ ವಾಸನಿ ಬರಾಕತ್ತದ."

"ಫಿಲ್ಮ್ ತೊಳಿಯೋ ಔಷಧದ್ದು," ಅಂದ ಹಾಶಿಮ, ಗಂಭೀರವಾಗಿ. ಮಾತು ತಿರುಗಿಸಲು ಟೀಚರ್ ಕಡೆ ನೋಡಿದ. "ನಿಮಗ ಎಷ್ಟ ಸಿಕ್ವು?"

"ಒಂದ ಸರ್."

"ಇಡೀ ದಿನಕ್ಕ ಒಂದ? ಹಿಂಗಾದ್ರ ನೀವು ಕಲತಂಗ ಬಿಡ್ರಿ! ಏನದು?"

"ಭಾಳ ಅಂಜಬುರುಕ ಇತ್ತು ಸರ್. ಹತ್ತಕಡೆ ಹೊಳ್ಳಿ ಹೊಳ್ಳಿ ನೋಡತಿತ್ತು."

"ಮುಂಗುಸಿ," ಎಂದು ತೀರ್ಪು ಕೊಟ್ಟ ಹಾಶಿಮ.

ಸಂಜೆ ಬೋರಿವಲಿ ಸ್ಟೇಷನ್ನಿನ ಬೆಂಚಿನ ಮೇಲೆ ಸರ್ದಾರ ಸಾಹೇಬರು ಹಾಶಿಮನ ತೊಡೆ ತಟ್ಟಿದರು.

"ವಯಸ್ಸ ಸಣ್ಣದು, ಚಟ ಇಲ್ಲ, ಎದಿ ಗಟ್ಟಿ. ಇಂಥಾ ಗಿರಾಕಿ ನನಗ ವರ್ಷಕ್ಕೊಬ್ಬ ಸಿಗಂಗಿಲ್ಲ. ಒಂದ ವಿಮಾ ಪಾಲಿಸಿ ಮಾಡಸು ಬೇಟಾ. ನಾ ಏಜೆಂಟ್."

"ನೀವು ಘಾಟ್ಕೋಪರಿನವರಲ್ಲಾ?"

"ನಾನು? ಭಿವಂಡಿಯವ."

ಹಾಶಿಮ ಪ್ಲಾಟ್‌ಫಾರ್ಮ್ ಅದುರುವಂತೆ ನಕ್ಕ. ಯಾರೂ ಬಂದಿರಲಿಲ್ಲ! ಇಡೀ ದಿನದ ನಾಟಕ ದಂಡವಾಗಿತ್ತು. ಶೇಂಗಾ ಮಾರುವವನನ್ನು ಕೂಗಿ ಕರೆದು, ಒಂದು ಪೊಟ್ಟಣ ಕೊಂಡು, ಎಲ್ಲರೆದುರೇ ಬಾಯಿಗೆ ಸುರಿದುಕೊಂಡ.

"ರೋಜಾ?" ಅಂದರು ಸರ್ದಾರ ಸಾಹೇಬರು.

"ನೀವು ಭಿವಂಡಿಯವರು ಚಾಚಾ, ಇನ್ನ್ಯಾತರ ರೋಜಾ," ಅಂದ ಹಾಶಿಮ, ಅಗಿಯುತ್ತ.

ಅಷ್ಟರಲ್ಲಿ ಸೂರ್ಯ ಮುಳುಗಿದ. ಸ್ಟೇಷನ್ ಆಚೆಯ ಮಸೀದಿಯಿಂದ ಬಾಂಗ್ ಕೇಳಿಸಿತು. ರಾಜೀವಿ ಟೀಚರ್ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಚೀಲದಿಂದ ಖರ್ಜೂರ ತೆಗೆದು ಒಂದನ್ನು ಬಾಯಿಗಿಟ್ಟಳು. ಇನ್ನೊಂದನ್ನು ಹಾಶಿಮನ ಕಡೆ ಚಾಚಿದಳು.

"ರಾಜೀವಿ ನನ್ನ ಗೆಳತಿ, ನಾ ನಜ್ಮಾ. ನೀವು ಹೇಳಿದ್ದು ಖರೇನ ಅದ ಸರ್, ಯಾರೂ ನೋಡವಲ್ಲರು ಅಂತ ಖಾತ್ರಿ ಆದಾಗನ ಅದು ತಿನ್ನಾಕ ಹೊರಗ ಬರ್ತದ."